ತತ್ತಿ ಇಟ್ಟ ಹುಂಜ

ಅಂಧೇರಿ ಪೂರ್ವ, ಮುಂಬಯಿ
೨ ಜುಲೈ ೨೦೨೪

ಅಕ್ಕಾ,

ಕಾಗದದ ಮೊದಲಿಗೆ ಕ್ಷೇಮ ಸಮಾಚಾರ ಕೇಳಬೇಕು ಅಂತ ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ ಕಲಿಸಿದ್ದರು. ನೀನು ಕ್ಷೇಮ ಅಂತ ನನಗೆ ಗೊತ್ತು. ನಿನ್ನೆ ಫೋನ್ ಮಾಡಿದರೆ ಎರಡನೇ ರಿಂಗಿಗೇ ಕಟ್ ಮಾಡಿದೆ. ಕಾಯಿಲೆಯವರ ಬೆರಳಿಗೆ ಅಷ್ಟು ಜೋರು ಇರುವುದಿಲ್ಲ.

ಖಂಡಪ್ಪ ಭಾವ ನಿನ್ನ ಕರಾರು ತಿಳಿಸಿದ. "ಫೋನಿನ್ಯಾಗ ಅವ ಪುಣೆದಾಗ ಕುಂತು ಅಂಧೇರಿ ಅಂತಾನ. ಲಕೋಟಿ ಮ್ಯಾಲಿನ ಪೋಸ್ಟಿನ ಸಿಕ್ಕಾ ಸುಳ್ಳ ಹೇಳಂಗಿಲ್ಲ. ಆರು ತಿಂಗಳ ಒಂದ ಕಡೆ ನಿಂತು, ಅದ ಸಿಕ್ಕಾ ಬಿದ್ದ ಕಾಗದ ಕಳಸಲಿ." ಇಲ್ಲದಿದ್ದರೆ ಬಸುನ ಜವಳಕ್ಕೆ ನಾನಲ್ಲ, ದೊಡ್ಡಪ್ಪನ ಮಗ ಶ್ರೀಮಂತನೇ ಸೋದರಮಾವನಾಗಿ ಕೂರುತ್ತಾನಂತೆ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಅವನೇ ಮೊದಲ ಕೂದಲು ಕತ್ತರಿಸುತ್ತಾನಂತೆ. ಅಕ್ಕಾ, ಶ್ರೀಮಂತನಿಗೆ ಮಡಿಲೇ ಇಲ್ಲ, ಅಷ್ಟು ಜಾಗ ಹೊಟ್ಟೆ ಹಿಡಿದಿದೆ. ಮಗು ಜಾರುತ್ತದೆ. ವಿಚಾರ ಮಾಡು.

ಹೋದ ಸಲ ಜವಳ ನಿಂತ ದಿನದ ತಪ್ಪು ನನ್ನದೇ. ದೇವಿಗೆ ಹುಂಜ ತಾ ಅಂತ ನೀನು ಅಂದೆ. ಕುರ್ಲಾ ಮಾರ್ಕೆಟಿನವನು "ಏಕ್‌ದಮ್ ಮುರ್ಗಾ ಹೈ ಭಾಯಿ" ಅಂದ. ತುರಾಯಿ ಕೆಂಪಗಿತ್ತು, ನೋಟ ಜೋರಾಗಿತ್ತು, ನಂಬಿದೆ. ಗುಡಿಯಲ್ಲಿ ಪೂಜಾರಿ ಈರಣ್ಣಜ್ಜ ಅರಿಶಿನದ ನೀರು ಚಿಮುಕಿಸಿದಾಗ ಅದು ಮೈ ಜಾಡಿಸಿತು. ದೇವಿ ಒಪ್ಪಿದಳು ಅಂತ ಎಲ್ಲರೂ ಕೈ ಮುಗಿದರು. ಮುಗಿದ ಕೈ ಇಳಿಸುವಷ್ಟರಲ್ಲಿ ಹುಂಜ ಕುಳಿತು ತತ್ತಿ ಇಟ್ಟಿತು. ಭಾಗವ್ವ ಚಿಗವ್ವ ಕೂಗಿದ್ದು ಇನ್ನೂ ಕಿವಿಯಲ್ಲಿದೆ: "ಹುಂಜ ಯಾವ್ದು ಹ್ಯಾಂಟಿ ಯಾವ್ದು ತಿಳೀದವ ಸ್ವಾದರಮಾವ ಅಂತ, ಸ್ವಾದರಮಾವ!" ಈರಣ್ಣಜ್ಜ ಮಾತ್ರ ನಗಲಿಲ್ಲ. "ತಾಯಿ ಮುಂದ ತತ್ತಿ ಇಟ್ಟಾಳ. ಇಕಿ ಮ್ಯಾಲ ಕತ್ತಿ ಎತ್ತೂದು ಬ್ಯಾಡ. ತಂದವನ ಸಾಕಲಿ" ಅಂದ. ಜವಳ ಮುಂದಕ್ಕೆ ಹೋಯಿತು. ನೀನು ನನ್ನನ್ನೂ ಕೋಳಿಯನ್ನೂ ಒಟ್ಟಿಗೆ ಹೊರಗೆ ಹಾಕಿದೆ.

ಈಗ ಅಂಧೇರಿ ಸ್ಟೇಷನ್ನಿನ ಹತ್ತಿರ ಅಣ್ಣು ಶೆಟ್ಟರ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸ. ಮಲಗಲು ಅಟ್ಟ ಇದೆ. ಕೋಳಿ ಹಿಂದಿನ ಅಂಗಳದಲ್ಲಿ ಕೆಟ್ಟ ಗ್ರೈಂಡರಿನ ಕೆಳಗಿದೆ. ಶೆಟ್ಟರಿಗೆ ಇನ್ನೂ ಹೇಳಿಲ್ಲ. ಬಾಗಿಲಿನ ಮೇಲೆ 'ಶುದ್ಧ ಶಾಕಾಹಾರಿ' ಅಂತ ದೊಡ್ಡ ಬೋರ್ಡ್ ಇದೆ.

ಸಿಕ್ಕಾ ನೋಡಿಕೋ.

ನಿನ್ನ ತಮ್ಮ
ಯಲ್ಲಾಲಿಂಗ


ಧಾರಾವಿ
೧೨ ಜುಲೈ

ಯಲ್ಲಾಲಿಂಗಗ,

ಸಿಕ್ಕಾ ನೋಡಿದೆ. ಅಂಧೇರಿ ಐತಿ. ಒಂದು ಆತು.

ಕೋಳಿಗೆ ಬರೇ ಇಡ್ಲಿ ಹಾಕಬ್ಯಾಡ, ತತ್ತಿ ಮೆತ್ತಗಾಕ್ಕಾವ. ತತ್ತಿ ಸಿಪ್ಪಿ ಪುಡಿ ಮಾಡಿ ಹಾಕು. ಶ್ರೀಮಂತನ ಹೊಟ್ಟಿ ಉಸಾಬರಿ ನಿನಗ ಬ್ಯಾಡ. ಆ ಹೊಟ್ಟಿ ಏಳು ವರ್ಷದಿಂದ ಒಂದ ಫ್ಯಾಕ್ಟರಿಗೆ ಹೋಗಿ ಬರತೈತಿ. ನಿನಗ ಎರಡು ವರ್ಷದಾಗ ಇದು ಒಂಬತ್ತನೇ ಕೆಲಸ.

ಬಸುಗ ಫೆಬ್ರುವರಿದಾಗ ವರ್ಷ ತುಂಬತೈತಿ. ಅದರೊಳಗ ಜವಳ ಆಗಬೇಕು. ಜನವರಿ ತನಕ ನೋಡ್ತೀನಿ.

ಶಿವಕುಮಾರಿ


ಅಂಧೇರಿ ಪೂರ್ವ
೧೪ ಆಗಸ್ಟ್

ಅಕ್ಕಾ,

ಕೋಳಿಯ ಗುಟ್ಟು ಬಯಲಾಯಿತು. ನಾನು ಹೇಳಲಿಲ್ಲ, ಅದೇ ಹೇಳಿಕೊಂಡಿತು.

ಮೊನ್ನೆ ಬೆಳಿಗ್ಗೆ ಒಂಬತ್ತೂವರೆ. ಹೋಟೆಲ್ ತುಂಬಿತ್ತು. ನಾನು ಉಗ್ರಾಣದಲ್ಲಿ ರವೆಯ ಚೀಲ ಎಳೆದೆ, ಹಿಂದಿನಿಂದ ಇಲಿ ಹಾರಿತು. ಬಾಗಿಲಲ್ಲಿ ನಿಂತಿದ್ದ ನಮ್ಮ ಕೋಳಿ ಕತ್ತು ಹಾವಿನ ಹಾಗೆ ಚಾಚಿ ಬಂತು ನೋಡು. ನಾನು ಕೋಲು ಹುಡುಕುವ ಮೊದಲೇ ಇಲಿಯ ಬೆನ್ನು ಅದರ ಕೊಕ್ಕಿನಲ್ಲಿತ್ತು. ನೆಲಕ್ಕೆ ಒಂದು ಸಲ ಬಡಿಯಿತು, ಎರಡು ಸಲ, ಮೂರು ಸಲ. ಧೋಬಿ ಘಾಟಿನವರು ಬಟ್ಟೆ ಒಗೆಯುತ್ತಾರಲ್ಲ, ಹಾಗೆ. ಇಲಿ ಸುಮ್ಮನಾಯಿತು.

ಅಲ್ಲೇ ತಿಂದಿದ್ದರೆ ಮುಗಿಯುತ್ತಿತ್ತು. ಯಾರೋ ಕಸಿದುಕೊಳ್ಳುತ್ತಾರೆ ಅನ್ನುವ ಹಾಗೆ ಅದನ್ನು ಕಚ್ಚಿಕೊಂಡು ಓಡಿತು. ಅಡುಗೆಮನೆ ದಾಟಿ, ದೋಸೆಕಲ್ಲಿನ ಕೆಳಗೆ ನುಗ್ಗಿ, ನೇರ ಗಿರಾಕಿಗಳ ನಡುವೆ. ಬೋರ್ಡಿನ ಸರಿಯಾಗಿ ಕೆಳಗೆ ನಿಂತು, ಇಲಿಯನ್ನು ಮೇಲೆ ಚಿಮ್ಮಿಸಿ, ಇಡಿಯಾಗಿ ನುಂಗಿತು. ಬಾಲ ಒಂದು ನಿಮಿಷ ಹೊರಗೆ ನೇತಾಡುತ್ತಿತ್ತು. ನಾಲ್ಕನೇ ಟೇಬಲಿನ ರಿಟೈರ್ ಮಾಸ್ತರರು ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡರು.

ಶೆಟ್ಟರು ಗಲ್ಲಾದಿಂದ ಎದ್ದು ಬಂದರು.

"ಎಂತದಾ ಇದು?"

"ಕೋಳಿ, ಧನಿ."

"ಕೋಳಿ ಅಂತ ನನಗೂ ಕಾಣ್ತದೆ ಮಾರಾಯಾ. ನನ್ನ ಹೋಟೆಲಿಗೆ ಎಂತಕ್ಕೆ ಬಂತು?"

"ಕೆಲಸಕ್ಕೆ" ಅಂದೆ.

ದೋಸೆ ಹುಯ್ಯುತ್ತಿದ್ದ ದೂಜಣ್ಣ ಸಟ್ಟುಗ ಕೆಳಗಿಟ್ಟು ನಕ್ಕುಬಿಟ್ಟ. ಕಟಪಾಡಿ ಕಡೆಯವನು, ನಗಲು ಶುರು ಮಾಡಿದರೆ ಹೆಗಲೂ ನಗುತ್ತದೆ. ನನ್ನ ಪುಣ್ಯಕ್ಕೆ ಅವನೇ ವಕೀಲನೂ ಆದ. "ಧನಿಗಳೇ, ಹೋದ ವಾರ ಉದ್ದಿನಬೇಳೆ ಚೀಲ ಮೂರು ಹರಿದದ್ದು ಮರೆತುಹೋಯ್ತಾ? ನಮ್ಮ ಬೆಕ್ಕು ಎದುರು ಕೂತು ಸಿನೆಮಾ ನೋಡಿದ ಹಾಗೆ ನೋಡ್ತಿತ್ತು. ಇದಾದ್ರೂ ಕೆಲಸ ಮಾಡ್ತದೆ."

ಶೆಟ್ಟರು ಬಹಳ ಹೊತ್ತು ಕೋಳಿಯನ್ನು ನೋಡಿದರು. ಕೋಳಿಯೂ ಅವರನ್ನು ನೋಡಿತು. ಮೊದಲು ಕಣ್ಣು ತೆಗೆದದ್ದು ಶೆಟ್ಟರು. "ಕೆಲಸ ಮಾಡ್ಲಿ. ಆದ್ರೆ ಊಟ ಹೊರಗೆ" ಅಂದರು. ಈಗ ಹಿಂಬಾಗಿಲಿಗೆ ಅಡ್ಡ ಹಲಗೆ ಹಾಕಿದ್ದೇವೆ. ಉಗ್ರಾಣಕ್ಕೆ ಅಂಗಳದಿಂದಲೇ ದಾರಿ.

ಅಕ್ಕಾ, ಕೋಳಿ ಅಂದರೆ ಕಾಳು ತಿನ್ನುವ ಬಡಪಾಯಿ ಅಂತ ತಿಳಿದಿದ್ದೆ. ಇದು ಜಿರಳೆ ಬಿಡುವುದಿಲ್ಲ, ಹಲ್ಲಿ ಬಿಡುವುದಿಲ್ಲ. ಮಳೆ ಜೋರಾದ ದಿನ ಮೋರಿಯಿಂದ ಪೆನ್ಸಿಲಿನಷ್ಟು ಹಾವಿನ ಮರಿ ಬಂತು, ಅದನ್ನೂ ಶ್ಯಾವಿಗೆಯ ಹಾಗೆ ಎಳೆದುಕೊಂಡಿತು. ನಮ್ಮನ್ನು ತಿನ್ನದೆ ಬಿಟ್ಟಿರುವುದು ನಾವು ಗಾತ್ರದಲ್ಲಿ ದೊಡ್ಡವರು ಅಂತ ಮಾತ್ರ.

ಹೋಟೆಲಿನಲ್ಲಿ ಅದಕ್ಕೆ ಹೆಸರೂ ಬಿದ್ದಿದೆ. ಶಿವಕ್ಕ. ಯಾರು ಇಟ್ಟರು ಅಂತ ಕೇಳಬೇಡ.

ಯಲ್ಲಾಲಿಂಗ


ಧಾರಾವಿ
೨೫ ಆಗಸ್ಟ್

ಯಲ್ಲಾಲಿಂಗಗ,

ಎರಡು ಆತು. ಕೋಳಿ ಹೆಸರು ಬದಲ್ ಮಾಡು.

ಬಸುಗ ಎರಡು ಹಲ್ಲು ಬಂದಾವ. ಸಿಕ್ಕದ್ದು ಕಚ್ಚತಾನ. ನಿಮ್ಮ ತವರಿನ ಗುಣ ಅಂತ ನಿನ್ನ ಭಾವ ಅಂತಾರ.

ಶಿವಕುಮಾರಿ


ಅಂಧೇರಿ ಪೂರ್ವ
೮ ಸೆಪ್ಟೆಂಬರ್

ಅಕ್ಕಾ,

ಹೆಸರು ಬದಲಾಯಿಸಿ ನೋಡಿದೆವು. ಮೋಹಿನಿ ಅಂತ ಕರೆದರೆ ತಿರುಗಿ ನೋಡುವುದಿಲ್ಲ. ಶಿವಕ್ಕ ಅಂದರೆ ಓಡಿಬರುತ್ತದೆ. ನಾನೇನು ಮಾಡಲಿ?

ಹೊಸ ಸಮಾಚಾರ. ಹಿಂದಿನ ಚಾಳಿನವರ ಹುಂಜ ಒಂದು ಆಗಾಗ ಗೋಡೆ ಹಾರಿ ನಮ್ಮ ಕಡೆ ಬರುತ್ತಿತ್ತು. ಅದು ನಿಜವಾದ ಹುಂಜ. ಈಗ ಶಿವಕ್ಕ ಒಂಬತ್ತು ತತ್ತಿಯ ಮೇಲೆ ಕಾವು ಕೂತಿದ್ದಾಳೆ, ಇವತ್ತಿಗೆ ಎಂಟನೇ ದಿನ. ಯಾರೂ ಹತ್ತಿರ ಹೋಗುವ ಹಾಗಿಲ್ಲ. ಮೈಯ ಗರಿಯೆಲ್ಲ ನಿಮಿರಿಸಿ ಕುಕ್ಕರಿನ ಹಾಗೆ ಸದ್ದು ಮಾಡುತ್ತಾಳೆ. ದೂಜಣ್ಣ ಪ್ರೀತಿಯಿಂದ ಅನ್ನ ಇಡಲು ಹೋದ. ಬೆರಳು ಬಾಯಲ್ಲಿಟ್ಟುಕೊಂಡು ಬಂದ. "ನಿನ್ನ ಶಿವಕ್ಕನಿಗೆ ನೀನೇ ಬಡಿಸು ಮಾರಾಯಾ, ನನಗೆ ದೋಸೆ ಹುಯ್ಯಲಿಕ್ಕೆ ಹತ್ತೂ ಬೆರಳು ಬೇಕು." ನಾನು ಇಟ್ಟರೆ ಮಾತ್ರ ತಿನ್ನುತ್ತಾಳೆ. ಬಯ್ಯುತ್ತಾಳೆ, ಆದರೆ ತಿನ್ನುತ್ತಾಳೆ.

ಇನ್ನೊಂದು ಮಾತು. ಹಿತೇಶ್ ಬಂದಿದ್ದ, ಹೋದ ವರ್ಷ ಕೊರಿಯರ್ ಕಂಪನಿಯಲ್ಲಿ ನನ್ನ ಜೊತೆ ಇದ್ದವನು. ಈಗ ಶೂಟಿಂಗ್ ಯೂನಿಟ್‌ನಲ್ಲಿ ಲೈಟ್ ಹಿಡಿಯುತ್ತಾನೆ. "ಹದಿನೈದಕ್ಕೆ ಗೋವಾ ಔಟ್‌ಡೋರ್ ಇದೆ ಯಾರ್. ಚಲ್ ನಾ, ಹಿಟ್ಟು ರುಬ್ಬಿ ರುಬ್ಬಿ ನೀನೇ ಇಡ್ಲಿ ಆಗ್ತೀಯಾ" ಅಂದ.

ನಿನಗೆ ಸುಳ್ಳು ಹೇಳುವುದಿಲ್ಲ. ರುಬ್ಬುವ ಮೆಷಿನ್ ಒಂದೇ ಜಾಗದಲ್ಲಿ ತಿರುಗುವುದನ್ನು ನೋಡುತ್ತ ನಿಂತರೆ ನನ್ನ ಕಾಲು ತುರಿಸುತ್ತದೆ. ಚೀಲ ತುಂಬಿ ಗೂಟಕ್ಕೆ ಹಾಕಿದ್ದೇನೆ. ಇನ್ನೂ ಏನೂ ನಿಶ್ಚಯ ಮಾಡಿಲ್ಲ.

ಯಲ್ಲಾಲಿಂಗ


ಧಾರಾವಿ
೩೦ ಸೆಪ್ಟೆಂಬರ್

ಯಲ್ಲಾಲಿಂಗಗ,

ಹನ್ನೆರಡನೇ ತಾರೀಖಿಗೆ ಒಂದು ಕಾಗದ ಹಾಕಿದ್ದೆ. ಉತ್ತರ ಇಲ್ಲ. ಚೀಲ ಗೂಟದ ಮ್ಯಾಲ ಐತೋ, ನಿನ್ನ ಹೆಗಲಿನ ಮ್ಯಾಲ ಐತೋ?

ಜವಳದ ದಿನ ಬಿಡುವು ಇಟ್ಟುಕೋ ಅಂತ ಶ್ರೀಮಂತಗ ಹೇಳಿ ಕಳಿಸೀನಿ. ಗೋವಾದ ಸಿಕ್ಕಾ ಬಿದ್ದ ಕಾಗದ ನನಗ ಬ್ಯಾಡ.

ಶಿವಕುಮಾರಿ


ಅಂಧೇರಿ ಪೂರ್ವ
೩ ಅಕ್ಟೋಬರ್

ಮಾನ್ಯ ಶಿವಕುಮಾರಿಯವರಿಗೆ,

ದೂಜನು ಮಾಡುವ ನಮಸ್ಕಾರ. ನಾನು ನಿಮ್ಮ ತಮ್ಮನ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ನೀವು ಬರೆದ ಎರಡೂ ಪತ್ರಗಳು ತಲುಪಿವೆ. ಅವನಿಗೆ ಉತ್ತರ ಬರೆಯಲು ಕೈ ಇಲ್ಲ. ಗಾಬರಿ ಮಾಡಬೇಡಿ, ಕೈ ಉಂಟು, ಬಲಗೈಗೆ ಐದು ಹೊಲಿಗೆ ಬಿದ್ದಿದೆ. ಯಾರು ಮಾಡಿದ್ದೆಂದು ಅವನೇ ಹೇಳಬೇಕು, ನಾನು ಬರೆದರೆ ನೀವು ನಂಬಲಿಕ್ಕಿಲ್ಲ.

ನಿಮಗೆ ತಿಳಿಸಬಾರದೆಂದು ನನ್ನಿಂದ ಆಣೆ ತೆಗೆದುಕೊಂಡಿದ್ದಾನೆ. ಆಣೆ ಮಾತಿಗೆ ಮಾತ್ರ, ಬರವಣಿಗೆಗೆ ಅಲ್ಲವೆಂದು ನಾನು ತೀರ್ಮಾನ ಮಾಡಿದ್ದೇನೆ.

ಅವನು ಗೋವಾಕ್ಕೆ ಹೋಗಲಿಲ್ಲ. ಹದಿನೈದರಂದು ಚೀಲ ಹೆಗಲಿಗೆ ಹಾಕಿದ್ದು ಹೌದು. ಕೋಳಿಗೆ ಹೇಳಿಬರುತ್ತೇನೆಂದು ಹಿಂದೆ ಹೋದವನು ಅರ್ಧ ಗಂಟೆ ಬರಲಿಲ್ಲ. ಹಿತೇಶ ಎದುರು ನಿಂತು ಮೂರು ಸಲ ಕೂಗಿದ. ಆಮೇಲೆ ಇವನು ಬಂದು "ನೀನು ಹೋಗು, ಮರಿ ಆದ ಮೇಲೆ ನೋಡುವ" ಎಂದ. ಚೀಲದ ಬಟ್ಟೆ ಅವತ್ತೇ ಒಗೆದು ಹಾಕಿದ.

ಲಕೋಟೆಯ ಮೇಲಿನ ಮುದ್ರೆ ಅಂಧೇರಿಯದ್ದೇ. ಇದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ವಿನಂತಿ.

ಇತಿ
ದೂಜ


ಅಂಧೇರಿ ಪೂರ್ವ
೨೨ ಅಕ್ಟೋಬರ್

ಅಕ್ಕಾ,

ಹೊಲಿಗೆ ಬಿಚ್ಚಿದರು. ಅಕ್ಷರ ವಕ್ರ ಇದ್ದರೆ ಓದಿಕೋ. ದೂಜಣ್ಣ ಬರೆದದ್ದು ಗೊತ್ತಾಯಿತು. ಪೋಸ್ಟಿನಿಂದ ಬಂದವನ ಮುಖ ಕಳ್ಳನ ಹಾಗಿತ್ತು, ನಾನು ಬಾಯಿ ಬಿಡಿಸಿದೆ.

ಒಂಬತ್ತು ತತ್ತಿಯಲ್ಲಿ ಏಳು ಮರಿ ಆದವು. ಹತ್ತಿಯ ಉಂಡೆಗೆ ಕಾಲು ಬಂದ ಹಾಗೆ. ಒಂದು ಎರಡನೇ ದಿನವೇ ಸತ್ತಿತು, ಆರು ಉಳಿದವು. ಮೂರನೇ ದಿನ ಮಧ್ಯಾಹ್ನ ಬಿಸಿಲಿತ್ತು ಅಂತ ಶಿವಕ್ಕ ಅವನ್ನು ಅಂಗಳಕ್ಕೆ ಕರೆತಂದಳು. ನಾನು ಪಾತ್ರೆ ತಿಕ್ಕುತ್ತಿದ್ದೆ. ನೀರಿನ ಟಾಕಿಯ ಮೇಲೆ ಯಾವಾಗಲೂ ಒಂದು ಹದ್ದು ಕೂತಿರುತ್ತದೆ. ಅಂಗಳದಲ್ಲಿ ನೆರಳು ಹಾದುಹೋಯಿತು. ಶಿವಕ್ಕ ಒಂದು ಸದ್ದು ಮಾಡಿದಳು, ಅಂಥದ್ದು ನಾನು ಕೇಳೇ ಇರಲಿಲ್ಲ. ಐದು ಮರಿ ಅವಳ ಕೆಳಗೆ ಮಾಯ. ಒಂದು ಕುಂಟ ಹಿಂದೆ ಉಳಿಯಿತು. ಹದ್ದು ಅದನ್ನೇ ಎತ್ತಿತು.

ಎತ್ತಿದ್ದು ನಿಜ, ಹಾರಿದ್ದು ಮಾತ್ರ ಇಲ್ಲ. ನೆಲದಿಂದ ಒಂದಾಳು ಎತ್ತರಕ್ಕೆ ಏರುವಷ್ಟರಲ್ಲಿ ನಮ್ಮ ಶಿವಕ್ಕ ಕೆಟ್ಟ ಗ್ರೈಂಡರಿನ ಮೇಲೆ ಹಾರಿ ಅಲ್ಲಿಂದ ಜಿಗಿದು ಅದರ ಬೆನ್ನ ಮೇಲಿದ್ದಳು. ಎರಡೂ ಸೇರಿ ನೆಲಕ್ಕೆ ಬಿದ್ದವು. ಮರಿ ಜಾರಿತು. ಹದ್ದು ಕೆಳಗೆ, ಕೋಳಿ ಮೇಲೆ! ತಲೆಗೆ ಕುಕ್ಕಿದಳು, ಕಣ್ಣಿಗೆ ಕುಕ್ಕಿದಳು, ಉಗುರಲ್ಲಿ ಗರಿ ಕಿತ್ತು ರಾಶಿ ಹಾಕಿದಳು. ಬೆಕ್ಕು ಪಕ್ಕದ ಬಿಲ್ಡಿಂಗಿಗೆ ಓಡಿದ್ದು ಎರಡು ದಿನ ಬರಲಿಲ್ಲ. ಹದ್ದು ಹೇಗೋ ಬಿಡಿಸಿಕೊಂಡು ಗೋಡೆ ಹತ್ತಿತು, ಮತ್ತೆ ಇತ್ತ ಕಡೆ ನೋಡಿಲ್ಲ.

ನಾನು ಶಹಾಣ್ಯಾ, ಈಗ ಎಲ್ಲ ಮುಗಿಯಿತಲ್ಲ ಅಂತ ಬಿದ್ದ ಮರಿಯನ್ನು ಎತ್ತಲು ಕೈ ಹಾಕಿದೆ. ಶಿವಕ್ಕನಿಗೆ ನಾನೂ ಇನ್ನೊಂದು ಹದ್ದು. ಮುಂಗೈಗೆ ಉಗುರು ಇಳಿಸಿದಳು. ನಾನು ಕೈ ಎಳೆದ ರಭಸಕ್ಕೆ ಅದು ತಗಡಿನ ಅಂಚಿಗೂ ಬಡಿಯಿತು. ದವಾಖಾನೆಯಲ್ಲಿ ಡಾಕ್ಟರು "ನಾಯಿಯಾ, ಇಲಿಯಾ?" ಅಂತ ಹಿಂದಿಯಲ್ಲಿ ಕೇಳಿದರು. "ಮುರ್ಗಿ" ಅಂದೆ. ಸಿಸ್ಟರ್ ಹೊರಗೆ ಹೋಗಿ ನಕ್ಕುಬಂದಳು.

ಕುಂಟ ಮರಿ ಬದುಕಿದೆ.

ಅಲ್ಲಿ ಹೊಲಿಗೆ ಹಾಕುತ್ತಿರುವಾಗ ನನಗೆ ದಾದರ್ ಸ್ಟೇಷನ್ ನೆನಪಾಯಿತು, ಯಾಕೋ ಗೊತ್ತಿಲ್ಲ. ನನಗೆ ಆರು ವರ್ಷ, ನಿನಗೆ ಹದಿಮೂರು. ಬಿಸ್ಕಿಟ್ ಕೊಟ್ಟವನು ನನ್ನ ಕೈ ಹಿಡಿದು ಬ್ರಿಜ್ ಹತ್ತಿಸುತ್ತಿದ್ದ. ನೀನು ಹಿಂದಿನಿಂದ ಬಂದು ಟಿಫಿನ್ ಡಬ್ಬಿಯಿಂದ ಅವನ ತಲೆಗೆ ಹೊಡೆದೆ. ಆಮೇಲೆ ಅಲ್ಲೇ ನನಗೂ ಎರಡು ಬಾರಿಸಿದೆ. ಆ ಡಬ್ಬಿಯ ಮುಚ್ಚಳ ಈಗ ಸರಿಯಾಗಿ ಕೂರುತ್ತದೆಯೇ?

ಯಲ್ಲಾಲಿಂಗ


ಅಂಧೇರಿ ಪೂರ್ವ
೩೦ ನವೆಂಬರ್

ಅಕ್ಕಾ,

ನೀನು ಭಾವನ ಕೈಯಲ್ಲಿ ಚಕ್ಕಲಿ ಕಳಿಸಿದ್ದೆ, ಕಾಗದ ಕಳಿಸಲಿಲ್ಲ. ಚಕ್ಕಲಿ ಎಣಿಸಿದೆ, ಐದು. ಐದು ತಿಂಗಳು ಆಯಿತು ಅಂತ ಅರ್ಥ ಮಾಡಿಕೊಂಡೆ. ದೂಜಣ್ಣನಿಗೆ ಒಂದೂ ಕೊಡಲಿಲ್ಲ.

ಇಲ್ಲಿ ಒಂದು ವಿಚಿತ್ರ ನಡೆದಿದೆ. ಹದ್ದಿನ ಬೆನ್ನೇರಿದವಳು ಈಗ ತನ್ನ ಮರಿಗಳನ್ನೇ ಕುಕ್ಕಿ ಓಡಿಸುತ್ತಿದ್ದಾಳೆ. ಹೋದ ವಾರದವರೆಗೆ ರೆಕ್ಕೆಯ ಕೆಳಗೆ ಹಾಕಿಕೊಂಡು ಮಲಗುತ್ತಿದ್ದಳು. ಈಗ ಹತ್ತಿರ ಬಂದರೆ ತಲೆಗೆ ಕುಕ್ಕು. ಕುಂಟನಿಗೂ ರಿಯಾಯಿತಿ ಇಲ್ಲ. ಅವು ಅಳುತ್ತ ಹಿಂದೆ ಹೋಗುವುದು, ಇವಳು ತಿರುಗಿ ಬಡಿಯುವುದು. ನನಗೆ ಎಷ್ಟು ಸಿಟ್ಟು ಬಂತೆಂದರೆ ಇವತ್ತು ಅನ್ನ ಹಾಕುವುದಿಲ್ಲ ಹೋಗು ಅಂತ ಬೈದೆ.

ದೂಜಣ್ಣ ಬೀಡಿ ಹಚ್ಚುತ್ತ ಹೇಳಿದ: "ಅದಕ್ಕೆ ಎಂತ ದ್ವೇಷವಾ? ಮರಿಗೆ ಕೆದಕಲಿಕ್ಕೆ ಬಂತು, ಇನ್ನು ತಾನೇ ಹುಡುಕಿ ತಿನ್ಲಿ ಅಂತ. ನೀನು ಸಂಜೆ ಸ್ವಲ್ಪ ಸುಮ್ಮನೆ ನಿಂತು ನೋಡು."

ನಿಂತು ನೋಡಿದೆ. ಮರಿಗಳು ಅಂಗಳದ ಮೂಲೆಯಲ್ಲಿ ತಾವೇ ಕೆದಕುತ್ತಿದ್ದವು. ಶಿವಕ್ಕ ದೂರದಲ್ಲಿ, ನೀರಿನ ಡ್ರಮ್ಮಿನ ಮೇಲೆ, ಅವುಗಳ ಸಂಬಂಧವೇ ಇಲ್ಲದ ಹಾಗೆ ನಿಂತಿದ್ದಳು. ಆದರೆ ಒಂದು ಕಣ್ಣು ಮರಿಗಳ ಮೇಲೆ, ಇನ್ನೊಂದು ಟಾಕಿಯ ಮೇಲೆ. ಕತ್ತಲಾಗುವವರೆಗೂ ಇಳಿಯಲಿಲ್ಲ.

ಅನ್ನ ಹಾಕಿದೆ.

ಯಲ್ಲಾಲಿಂಗ


ಅಂಧೇರಿ ಪೂರ್ವ
೨೪ ಡಿಸೆಂಬರ್

ಅಕ್ಕಾ,

ನಿನ್ನೆ ಬೆಳಿಗ್ಗೆ ಕುಂಟ ಮರಿ ಡ್ರಮ್ಮು ಹತ್ತಿ ಕೂಗಿತು. ಕೂಗು ಅಂದರೆ ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುತ್ತದಲ್ಲ, ಹಾಗೆ. ಆದರೂ ಕೂಗೇ. ಕತ್ತಿನ ಗರಿ ಚೂಪು, ಬಾಲಕ್ಕೆ ಬಾಗು ಬಂದಿದೆ. ದೂಜಣ್ಣ, ಶೆಟ್ಟರು, ಚಾಳಿನವರು, ನಾಲ್ಕನೇ ಟೇಬಲಿನ ಮಾಸ್ತರರು, ಎಲ್ಲರಿಂದ ಪರೀಕ್ಷೆ ಮಾಡಿಸಿದೆ. ಇದು ಹುಂಜವೇ. ಈ ಸಲ ತಪ್ಪಿಲ್ಲ.

ಜನವರಿ ಎರಡಕ್ಕೆ ಆರು ತಿಂಗಳು. ಐದನೇ ತಾರೀಖು ರವಿವಾರ ಜವಳ ಅಂತ ಭಾವ ಹೇಳಿದ. ದೇವಿಗೆ ಬೇಕಾದ ಹುಂಜ ನನ್ನ ಕಾಲಬುಡದಲ್ಲೇ ಓಡಾಡುತ್ತಿದೆ. ಆದರೆ ಅಕ್ಕಾ, ತರಲಾರೆ. ಮಾರ್ಕೆಟಿನಿಂದ ಬೇರೆ ತರಬಹುದು, ಅದನ್ನೂ ತರಲಾರೆ. ಹದ್ದಿನ ಬಾಯಿಂದ ಒಬ್ಬಳು ಬಿಡಿಸಿಕೊಂಡದ್ದನ್ನು ನೋಡಿದ ಮೇಲೆ ನನ್ನ ಕೈ ಮುಂದೆ ಹೋಗುವುದಿಲ್ಲ. ಮಾರ್ಕೆಟಿನ ಕೋಳಿಗೂ ಯಾರೋ ಒಬ್ಬಳು ಇದ್ದಿರಬೇಕಲ್ಲ.

ಹುಂಜ ತರದ ಸೋದರಮಾವ ಬೇಡ ಅಂದರೆ ನಾನು ಜಗಳ ಮಾಡುವುದಿಲ್ಲ. ಶ್ರೀಮಂತನನ್ನು ಕೂರಿಸು. ನಾನು ಗುಡಿಯ ಹೊರಗೆ ನಿಂತು ನೋಡಿಕೊಂಡು ಬರುತ್ತೇನೆ. ಬಸುನನ್ನು ನೋಡಿ ಆರು ತಿಂಗಳಾಯಿತು. ಆಮೇಲೂ ಇಲ್ಲೇ ಇರುತ್ತೇನೆ, ಮುಂದಿನ ತಿಂಗಳಿಂದ ದೂಜಣ್ಣ ದೋಸೆ ಕಲಿಸುತ್ತಾನಂತೆ. ಚೀಲದಲ್ಲಿ ಈಗ ಕೋಳಿಯ ನುಚ್ಚು ತುಂಬಿದೆ.

ಯಲ್ಲಾಲಿಂಗ


ಧಾರಾವಿ
೩೦ ಡಿಸೆಂಬರ್

ಯಲ್ಲ್ಯಾ,

ಎಲ್ಲಾ ಸಿಕ್ಕಾ ನೋಡಿದೆ. ದೂಜಣ್ಣಂದೂ ಲೆಕ್ಕಕ್ಕ ಹಿಡದೀನಿ.

ಒಂದು ಮಾತು ನಿನಗ ಹೇಳಿಲ್ಲ. ದೂಜಣ್ಣನ ಕಾಗದ ಬಂದ ಮರುದಿನ ಬಸುನ್ನ ಎತ್ಕೊಂಡು ಮಾಹಿಮ್‌ದಾಗ ಲೋಕಲ್ ಹತ್ತಿ ಬಂದಿದ್ದೆ. ನಾಲ್ಕನೇ ಟೇಬಲ್‌ದಾಗ ಕುಂತು ಕಾಫಿ ಕುಡದೆ. ನಿನಗ ಹೇಳಬ್ಯಾಡ ಅಂತ ದೂಜಣ್ಣಗ ಆಣಿ ಹಾಕಿದ್ದೆ. ಈ ಸಲ ಬರವಣಿಗಿಗೂ ಸೇರಿಸಿ ಹಾಕಿದ್ದೆ. ನೀ ಹಿಂದ ಕೈಗೆ ಪಟ್ಟಿ ಕಟಗೊಂಡು, ಎಡಗೈಲೆ ಮರಿಗಳಿಗೆ ನುಚ್ಚು ಹಾಕ್ತಿದ್ದಿ. ಚಾಳಿನ ಓಣಿಯಿಂದ ನಿಂತು ನೋಡಿದೆ. ಆರು ಮರಿ ಎಣಿಸಿದೆ. ಸ್ವಲ್ಪ ಮುಂದ ಬಂದೆ, ನನ್ನ ಹೆಸರಿನಾಕಿ ಹಾರಿ ಬಂದು ಸೀರಿ ಸೆರಗ ಹರದಳು. ಸುಮ್ಮನ ವಾಪಸ್ ಹೋದೆ. ಅಕಿ ಇದ್ದಲ್ಲಿ ನನ್ನ ಕೆಲಸ ಏನೈತಿ?

ಹೆಸರು ಬದಲ್ ಮಾಡೂದು ಬ್ಯಾಡ.

ನಿನ್ನ ಕಾಗದ ಈರಣ್ಣಜ್ಜಗ ಓದಿ ಹೇಳಿದೆ. ಅಜ್ಜ ಅಂದ, "ಹುಂಜ ಬ್ಯಾಡ, ಕಾಯಿ ಒಡೀರಿ. ತಾಯಿಗೆ ಸಲ್ಲೂದು ಆ ಹ್ಯಾಂಟಿ ಅವತ್ತ ಕೊಟ್ಟಾಳ. ನೀವು ನಕ್ಕೊಂತ ಕುಂತ್ರಿ, ತಾಯಿ ಇಸಗೊಂಡ್ಲು." ಭಾಗವ್ವ ಚಿಗವ್ವ ಬಾಯಿ ತಗದಳು. ನಾ ನೋಡಿದೆ. ಮುಚ್ಚಿದಳು.

ಶ್ರೀಮಂತಗ ಊಟಕ್ಕಷ್ಟ ಬಾ ಅಂದೀನಿ. ಅವಗೂ ಅದ ಬೇಕಾಗಿತ್ತು.

ಡಬ್ಬಿ ಮುಚ್ಚಳ ಇನ್ನೂ ಕೂಡಂಗಿಲ್ಲ. ಅದರಾಗ ನಿನಗ ಹೋಳಿಗಿ ಇಟ್ಟಿರ್ತೀನಿ.

ರವಿವಾರ ಎಂಟಕ್ಕ ಗುಡಿಗೆ ಬಾ. ಕತ್ತರಿ ನಾ ತರ್ತೀನಿ, ಕಾಯಿ ನಾ ತರ್ತೀನಿ. ನೀ ಬರೇ ಮಡಿಲು ತಗೊಂಡು ಬಾ. ಬ್ಯಾರೆ ಏನೂ ತರಬ್ಯಾಡ. ನೀ ತಂದದ್ದೆಲ್ಲಾ ತತ್ತಿ ಇಡತಾವ.

ಅಕ್ಕ